ಹಾರೆ ಬಿಟ್ಟು ಬಾ

ಪೊನ್ನಂಪೇಟೆ
18 ಜನವರಿ 2024

ಪ್ರೀತಿಯ ಸಣ್ಣನಿಗೆ,

ಮೊನ್ನೆ ಫೋನಿನಲ್ಲಿ ನನ್ನ ಎದೆಗೆ ಮೆಷಿನ್ ಹಾಕಿದ್ದಾರೆ ಎಂದು ನಾಲ್ಕು ಸಲ ಹೇಳಿದೆ. ನಾಲ್ಕು ಸಲವೂ ನೀನು ‘ಹ್ಞೂ, ಇಲ್ಲೂ ಇಬ್ಬನಿ ಜಾಸ್ತಿ’ ಎಂದೆ. ನಿನ್ನ ಕಿವಿಯನ್ನು ನಂಬಿದರೆ ನನ್ನ ಸುದ್ದಿ ಹೆಬ್ಬಾಲೆ ಮುಟ್ಟುವುದಿಲ್ಲ ಎಂದು ಗೊತ್ತಾಗಿ ಇದನ್ನು ಬರೆಯುತ್ತಿದ್ದೇನೆ. ಇಪ್ಪತ್ತೆಂಟು ವರ್ಷ ಅಂಗನವಾಡಿಯಲ್ಲಿ ಮಕ್ಕಳಿಗೆ ಅಕ್ಷರ ತಿದ್ದಿಸಿದ ಕೈ, ಬರೆಯಲು ಇನ್ನೂ ಬರುತ್ತದೆ.

ಎಡಗಡೆ ಭುಜದ ಕೆಳಗೆ, ಚರ್ಮದ ಒಳಗೆ, ಬೆಂಕಿಪೊಟ್ಟಣಕ್ಕಿಂತ ಚಿಕ್ಕದೊಂದು ಪೇಸ್‌ಮೇಕರ್ ಇಟ್ಟಿದ್ದಾರೆ. ಹೃದಯ ಮರೆತಾಗ ಅದು ನೆನಪಿಸುತ್ತದಂತೆ. ಆದರೆ ಹೃದಯವೇ ಸೋತಿದೆ, ಒಂದು ವರ್ಷ ಕಳೆದರೆ ಹೆಚ್ಚು ಎಂದು ಡಾಕ್ಟರು ಸೌಮ್ಯಳನ್ನು ಹೊರಗೆ ಕರೆದು ಹೇಳಿದರು. ನನ್ನ ಕಿವಿ ನಿನ್ನದರ ಹಾಗಲ್ಲವಲ್ಲ, ಎಲ್ಲ ಕೇಳಿಸಿತು. ಎಪ್ಪತ್ತಾರು ವರ್ಷ ಆಯಿತು, ನನಗೆ ಅದರಲ್ಲಿ ದೊಡ್ಡ ದುಃಖವಿಲ್ಲ. ಆದರೆ ಸತ್ತ ಮೇಲೆ ಏನು ಮಾಡಬೇಕು ಎಂದು ಈ ಮನೆಯಲ್ಲಿ ಮಾತೆತ್ತುವ ಹಾಗಿಲ್ಲ. ಮಗಳು ಅಡುಗೆಮನೆಗೆ ಹೋಗುತ್ತಾಳೆ. ಅಳಿಯ ಶಿವಪ್ರಕಾಶ್ ಟಿ.ವಿ. ಸೌಂಡ್ ಜಾಸ್ತಿ ಮಾಡುತ್ತಾನೆ.

ಇಲ್ಲಿ ಪೊನ್ನಂಪೇಟೆಯಲ್ಲಿ ಕೊಡವರಿಗೆ ಅವರವರ ಮನೆತನದ ಜಾಗ ಇರುತ್ತದೆ. ನಮ್ಮ ಅಪ್ಪ ಅರಕಲಗೂಡು ಕಡೆಯಿಂದ ಬಂದವರು, ನಮ್ಮ ಜಾಗ ಅಂದರೆ ನಿಮ್ಮೂರ ಹೊಳೆದಂಡೆ. ಅಲ್ಲಿಗೆ ತರಬೇಕಾ, ಇಲ್ಲೇ ಮುಗಿಸಬೇಕಾ, ಮೈಸೂರಿಗೆ ಒಯ್ದು ಗ್ಯಾಸಿನದೋ ಕರೆಂಟಿನದೋ ಒಲೆಗೆ ಕೊಡಬೇಕಾ, ನನಗೆ ತಿಳಿಯಬೇಕು. ಅಂಜದೆ ಮಾತಾಡುವವನು ನೀನೊಬ್ಬನೇ. ನಲವತ್ತಾರು ವರ್ಷದಿಂದ ಹೆಬ್ಬಾಲೆ ಸುತ್ತಮುತ್ತ ಯಾರು ಸತ್ತರೂ ಸೌದೆ ಒಟ್ಟಲು ನಿನ್ನನ್ನೇ ಕರೆಯುತ್ತಾರೆ. ಇದು ನಿನ್ನ ಸಬ್ಜೆಕ್ಟು, ಬಿಡಿಸಿ ಹೇಳು.

ನಿನ್ನ ಅಕ್ಕ
ಮುತ್ತಮ್ಮ


ಹೆಬ್ಬಾಲೆ
2 ಫೆಬ್ರವರಿ 2024

ಅಕ್ಕನಿಗೆ ಸಣ್ಣಸ್ವಾಮಿ ಮಾಡುವ ನಮಸ್ಕಾರ.

ನಿನ್ನ ಕಾಗದವನ್ನು ನಮ್ಮ ಮನೆಯವಳು ಗಂಗಮ್ಮ ಓದಿ ಅತ್ತಳು. ನಾನು ಓದಿ ಕೊಟ್ಟಿಗೆಗೆ ಹೋಗಿ ಅಟ್ಟ ಹತ್ತಿ ನೋಡಿದೆ.

ನೀನು ಯೋಚನೆ ಮಾಡುವಂಥದ್ದು ಏನೂ ಇಲ್ಲ ಅಕ್ಕ. ನಿನ್ನದು ಮೂರು ವರ್ಷದಿಂದ ರೆಡಿ ಇದೆ. ಮಾವು, ನೇರಳೆ, ಒಂದಷ್ಟು ಹುಣಸೆ. ಎಲ್ಲ ಸೀಳಿ ಅಟ್ಟದ ಮೇಲೆ ಗಾಳಿಯಾಡುವ ಹಾಗೆ ಜೋಡಿಸಿದ್ದೇನೆ, ಮಳೆಗಾಲದಲ್ಲೂ ಖಣಖಣ ಎನ್ನುತ್ತದೆ. ಈಗಿನವರು ತೋಟದ ಸಿಲ್ವರ್ ಮರ ಕಡಿದು ತಂದುಬಿಡುತ್ತಾರೆ. ಅದು ಕಾಗದದ ಹಾಗೆ ಉರಿದು ಹೋಗುತ್ತದೆ, ಕೆಂಡ ನಿಲ್ಲುವುದಿಲ್ಲ. ಅಡಿಗೆ ದಪ್ಪ ದಿಮ್ಮಿ ಅಡ್ಡ ಹಾಕಿ, ಮಧ್ಯೆ ಗಾಳಿಗೆ ಜಾಗ ಬಿಟ್ಟು, ನಾಲ್ಕು ಮೂಲೆಗೂ ಹಾರೆಯಲ್ಲಿ ಗುಳಿ ತೆಗೆದು ಗೂಟ ನೆಟ್ಟರೆ ಕೊನೆಯವರೆಗೂ ಜರುಗುವುದಿಲ್ಲ. ಗಟ್ಟಿ ಕೆಂಡ ಎದೆಯ ಕೆಳಗೆ ಬರಬೇಕು, ಸೊಂಟದ ಕೆಳಗೂ ಬರಬೇಕು. ತಿಳಿಯದವರು ಕಾಲಿನ ಕಡೆಗೆಲ್ಲ ಸೌದೆ ತುಂಬಿ ಬಿಡುತ್ತಾರೆ.

ಗ್ಯಾಸು ಕರೆಂಟು ನಮಗೆ ಬೇಡ. ಅಪ್ಪನಿಗೆ ಆದದ್ದು ನಿನಗೆ ನೆನಪಿದೆಯೋ ಇಲ್ಲವೋ. ಎಪ್ಪತ್ತೆಂಟನೇ ಇಸವಿ ಜುಲೈ, ಹಸಿ ಸೌದೆ, ಯಾರೋ ಒಟ್ಟಿದರು. ಅರ್ಧಕ್ಕೆ ಕುಸಿದು ಅಪ್ಪ ಪಕ್ಕಕ್ಕೆ ಜಾರಿದರು. ಇಪ್ಪತ್ತೆರಡು ವರ್ಷದವನು ನಾನು, ಕೋಲು ಹಿಡಿದು ಒಳಗೆ ತಳ್ಳಿದೆ. ಹೆಂಗಸರು ಮನೆಯಲ್ಲಿದ್ದಿರಿ, ನೀವು ನೋಡಲಿಲ್ಲ. ಇನ್ನು ನಮ್ಮ ಊರಲ್ಲಿ ಯಾರಿಗೂ ಹಾಗೆ ಆಗಬಾರದು ಎಂದು ಅವತ್ತೇ ಅಂದುಕೊಂಡೆ. ನಿನಗಂತೂ ಆಗಲು ಬಿಡುವುದಿಲ್ಲ.

ಒಂದು ಮುಖ್ಯವಾದ ಮಾತು. ಆ ಮೆಷಿನ್ ಎದೆಯಲ್ಲಿ ಇಟ್ಟುಕೊಂಡೇ ಸುಡುವ ಹಾಗಿಲ್ಲ. ಹಿಂದೆ ಸೋಮಯ್ಯ ಮೇಷ್ಟ್ರ ಮನೆಯವರು ನಮಗೆ ಹೇಳಿರಲಿಲ್ಲ. ಬೆಂಕಿ ಹತ್ತಿ ಸ್ವಲ್ಪ ಹೊತ್ತಿಗೆ ಢಮ್ ಎಂದಿತು. ನನ್ನ ಕಿವಿಗೂ ಕೇಳಿಸಿತು ಎಂದರೆ ನೋಡು. ಜನ ಚಪ್ಪಲಿ ಬಿಟ್ಟು ಗದ್ದೆಗೆ ಓಡಿದರು, ಮೇಷ್ಟ್ರು ಸತ್ತ ಮೇಲೂ ಗದರಿಸಿದರು ಅಂತ ಇವತ್ತಿಗೂ ಹೇಳುತ್ತಾರೆ. ಆಸ್ಪತ್ರೆಯವರೇ ಕೊನೆಗೆ ಅದನ್ನು ತೆಗೆದು ಕೊಡುತ್ತಾರೆ. ಸೌಮ್ಯಳಿಗೆ ಇದನ್ನು ಮರೆಯದೆ ಹೇಳು.

ಇಂತಿ
ಸಣ್ಣಸ್ವಾಮಿ


ಪೊನ್ನಂಪೇಟೆ
21 ಫೆಬ್ರವರಿ 2024

ಪ್ರೀತಿಯ ಸಣ್ಣ,

ಬದುಕಿರುವ ಅಕ್ಕನಿಗೆ ಮೂರು ವರ್ಷದ ಹಿಂದೆಯೇ ಸೌದೆ ಸೀಳಿಟ್ಟ ತಮ್ಮ ಈ ಜಿಲ್ಲೆಯಲ್ಲೇ ನೀನೊಬ್ಬ ಇರಬೇಕು. ಬೇರೆಯವರ ತಮ್ಮಂದಿರು ಗೌರಿ ಹಬ್ಬಕ್ಕೆ ಬಾಗಿನ ಕೊಡುತ್ತಾರೆ. ಸೌಮ್ಯಳಿಗೆ ಓದಿ ಹೇಳಿದೆ. ಮೊದಲು ನಕ್ಕಳು, ಆಮೇಲೆ ಅತ್ತಳು, ಕೊನೆಗೆ ನನ್ನ ಎದುರಿಗೇ ಕೂತು ಮಾತಾಡಿದಳು. ನಿನ್ನ ಸೌದೆಯಿಂದ ಅಷ್ಟು ಒಳ್ಳೆಯದಾಯಿತು.

ನಾವಿಬ್ಬರೂ ಎಲ್ಲ ವಿಚಾರಿಸಿದೆವು. ದೇಹವನ್ನು ಮೆಡಿಕಲ್ ಕಾಲೇಜಿಗೆ ಕೊಡಬಹುದು, ಬದುಕಿರುವಾಗಲೇ ಫಾರಂ ತುಂಬಿಕೊಡಬೇಕು. ನನಗೆ ಮನಸ್ಸಿತ್ತು. ಕೊನೆಗೂ ಕಾಲೇಜು ಮೆಟ್ಟಿಲು ಹತ್ತಿದ ಹಾಗಾಗುತ್ತದೆ ಎಂದೆ. ಅವಳು ಅದೊಂದು ಬೇಡಮ್ಮ ಎಂದಳು, ಬಿಟ್ಟೆ. ಹೂಳುವುದಕ್ಕೆ ನಮ್ಮದು ಅಂತ ಇಲ್ಲಿ ಜಾಗವಿಲ್ಲ. ಕೊನೆಗೆ ಮೈಸೂರಿನ ಗ್ಯಾಸಿನ ಚಿತಾಗಾರ ಎಂದು ತೀರ್ಮಾನ ಮಾಡಿದ್ದೇನೆ. ಮಳೆ ಇರಲಿ ಬಿಸಿಲಿರಲಿ ಒಂದೂವರೆ ಗಂಟೆಯಲ್ಲಿ ಮುಗಿಯುತ್ತದೆ. ಅವತ್ತೇ ಬೂದಿ ಕೈಗೆ ಕೊಡುತ್ತಾರೆ. ಸೌಮ್ಯ ಒಂದು ಹಿಡಿಯನ್ನು ರಾಮನಾಥಪುರದಲ್ಲಿ ಹೊಳೆಗೆ ಬಿಡುತ್ತಾಳೆ.

ಈಗ ನಿನಗೆ ಕೋಪ ಬಂದಿರುತ್ತದೆ. ಕಾರಣ ಹೇಳುತ್ತೇನೆ, ಕೇಳು. ಒಂಬತ್ತು ವರ್ಷದಿಂದ ಹೇಳದೆ ಇಟ್ಟುಕೊಂಡಿದ್ದೆ.

ನಿಮ್ಮ ಭಾವ ಹೋದ ದಿನ ಕೂಡಿಗೆಯ ನಮ್ಮ ಮನೆ ತುಂಬ ಜನ. ನನ್ನ ಕಣ್ಣು ಬಾಗಿಲ ಕಡೆಗೇ ಇತ್ತು. ತಮ್ಮ ಬರುತ್ತಾನೆ, ಅವನ ಹೆಗಲಿಗೆ ತಲೆ ಇಟ್ಟು ಅಳುತ್ತೇನೆ ಎಂದು ಅಲ್ಲಿಯವರೆಗೂ ತಡೆದುಕೊಂಡಿದ್ದೆ. ನೀನು ಬಂದೆ. ಹೆಗಲ ಮೇಲೆ ಹಾರೆ ಇತ್ತು, ಕೈಯಲ್ಲಿ ಕೊಡಲಿ ಇತ್ತು. ಅಂಗಳದಲ್ಲೇ ನಿಂತು ‘ಸೌದೆ ಎಲ್ಲೈತೆ?’ ಎಂದು ಯಾರನ್ನೋ ಕೇಳಿದೆ, ಹಾಗೇ ಹಿತ್ತಲಿಗೆ ಹೋದೆ. ನಾನು ಕೂತಿದ್ದ ಕಡೆ ತಿರುಗಿಯೂ ನೋಡಲಿಲ್ಲ. ನಿಮ್ಮ ಭಾವನನ್ನು ಎಷ್ಟು ಚೆನ್ನಾಗಿ ಕಳಿಸಿಕೊಟ್ಟೆ ಎಂದು ಊರೇ ಹೊಗಳಿತು. ಹೊಳೆಯಲ್ಲಿ ಮಿಂದು, ಒದ್ದೆ ಪಂಚೆಯಲ್ಲೇ ದೀಪ ನೋಡಿ ಊರಿಗೆ ಹೊರಟುಹೋದೆ.

ಊರಿಗೆಲ್ಲ ನೀನು ಬೇಕಾದವನು ಸಣ್ಣ. ನನಗೆ ಅವತ್ತು ತಮ್ಮ ಬೇಕಿತ್ತು, ಬರಲಿಲ್ಲ. ಅಮ್ಮ ಹೋದಾಗಲೂ ಹೀಗೇ ಆಯಿತು. ನಿನ್ನ ಕಣ್ಣಲ್ಲಿ ನೀರು ನಾನು ನೋಡಿದ್ದು ಅಪ್ಪ ಹೋದಾಗ, ಅದೇ ಕೊನೆ.

ಆದ್ದರಿಂದ ನನಗೆ ನೀನು ಸೌದೆ ಒಟ್ಟಬೇಡ. ಒಟ್ಟಲು ಆಗದಂಥ ಜಾಗಕ್ಕೇ ನಾನು ಹೋಗುತ್ತಿದ್ದೇನೆ. ಸತ್ತ ಹೆಣ್ಣಿಗೆ ತವರಿನ ಸೀರೆ ಹೊದಿಸಬೇಕು, ಅದು ತಮ್ಮನ ಕೆಲಸ. ಅದೊಂದನ್ನು ತೆಗೆದುಕೊಂಡು, ಹಾರೆ ಬಿಟ್ಟು ಬಾ.

ನಿನ್ನ
ಅಕ್ಕ


ಪೊನ್ನಂಪೇಟೆ
6 ಏಪ್ರಿಲ್ 2024

ಪ್ರೀತಿಯ ಮಾವನಿಗೆ,

ಸೌಮ್ಯ ಮಾಡುವ ನಮಸ್ಕಾರಗಳು. ಅಮ್ಮ ಕಾಗದ ಬರೆದು ಆರು ವಾರ ದಾಟಿತು. ಅಂಚೆಯವರ ಸ್ಕೂಟರ್ ಸದ್ದಿಗೆ ಗೇಟಿನವರೆಗೂ ನಡೆದು ಹೋಗುತ್ತಾಳೆ, ಅಷ್ಟು ನಡೆಯಬಾರದು ಎಂದು ಡಾಕ್ಟರು ಹೇಳಿದ್ದಾರೆ. ‘ಕೋಪ ಮಾಡ್ಕೊಂಡ್ಬುಟ್ಟ ಕಣೇ, ನಾನು ಬರೀಬಾರ್ದಿತ್ತು’ ಎಂದು ನಿನ್ನೆ ಕಣ್ಣು ಒರೆಸಿಕೊಂಡಳು. ಅಶ್ವಥ್‌ನಿಗೆ ಫೋನ್ ಮಾಡಿದರೆ, ಅಪ್ಪ ಚೆನ್ನಾಗಿದ್ದಾರೆ, ಶುಂಠಿ ಹಾಕುವ ಗಡಿಬಿಡಿ ಎನ್ನುತ್ತಾನೆ.

ಬೈದಾದರೂ ಬರೆಯಿರಿ ಮಾವ. ಅಮ್ಮನಿಗೆ ಬೈಗುಳವಾದರೂ ಸಾಕು.

ನಿಮ್ಮ
ಸೌಮ್ಯ


ಹೆಬ್ಬಾಲೆ
22 ಏಪ್ರಿಲ್ 2024

ಅಕ್ಕನಿಗೆ ನಮಸ್ಕಾರ.

ಕೋಪ ಇಲ್ಲ. ಏನು ಬರೆಯಬೇಕು ಎಂದು ತಿಳಿಯಲಿಲ್ಲ. ನಾಲ್ಕು ಹಾಳೆ ಹರಿದು ಹಾಕಿದೆ, ಗಂಗಮ್ಮ ಅದನ್ನೇ ಒಲೆಗೆ ಹಾಕಿ ನೀರು ಕಾಯಿಸಿದಳು.

ಹೋದ ವಾರ ಮೈಸೂರಿಗೆ ಹೋಗಿದ್ದೆ. ಡಾಕ್ಟರಿಗೆ ಕಿವಿ ತೋರಿಸಲು ಎಂದು ಅಶ್ವಥ್‌ಗೆ ಸುಳ್ಳು ಹೇಳಿ ಬಸ್ಸು ಹತ್ತಿದೆ. ಚಿತಾಗಾರದಲ್ಲಿ ಕಮಲ ಎಂದು ಒಬ್ಬ ಹೆಂಗಸು ರಿಜಿಸ್ಟರ್ ಬರೆಯುತ್ತಾರೆ. ಯಾರು ತೀರಿಕೊಂಡದ್ದು ಎಂದು ಕೇಳಿದರು. ಇನ್ನೂ ಇಲ್ಲಮ್ಮ, ಸುಮ್ಮನೆ ನೋಡಲು ಬಂದೆ ಎಂದೆ. ನನ್ನನ್ನು ಮೇಲಿಂದ ಕೆಳಗೆ ನೋಡಿ, ಮೊದಲು ಕುಡಿಯಲು ನೀರು ಕೊಟ್ಟರು. ಆಮೇಲೆ ನನ್ನ ಕೆಲಸ ಏನೆಂದು ಹೇಳಿದೆ. ಆಗ ಒಲೆ ನೋಡಿಕೊಳ್ಳುವವರನ್ನು ಕರೆಸಿ ಎಲ್ಲ ತೋರಿಸಿದರು.

ಒಳಗೆ ಸುಟ್ಟ ಇಟ್ಟಿಗೆಯ ಗೂಡು. ಕಬ್ಬಿಣದ ಹಳಿ ಮೇಲೆ ತಟ್ಟೆ ಒಳಕ್ಕೆ ಹೋಗುತ್ತದೆ, ಬಾಗಿಲು ಇಳಿಯುತ್ತದೆ. ಎರಡು ಕಡೆಯಿಂದ ಬೆಂಕಿ. ನಾನು ಎದೆಯ ಕೆಳಗಿನ ಬೆಂಕಿ ಹೇಗೆ ಎಂದು ಕೇಳಿದೆ. ಇದರಲ್ಲಿ ಎದೆ ಕಾಲು ಎಂದಿಲ್ಲ ಯಜಮಾನರೇ, ಎಲ್ಲ ಕಡೆ ಒಂದೇ ಕಾವು ಎಂದರು. ಕುಸಿಯುವುದಿಲ್ಲ, ಜಾರುವುದಿಲ್ಲ. ಡಾಕ್ಟರ ಚೀಟಿ ಬೇಕು, ಆಧಾರ್ ಬೇಕು. ಮೆಷಿನ್ ತೆಗೆಸಿರಬೇಕು ಎಂದು ಅವರೂ ಹೇಳಿದರು. ಮೈಮೇಲೆ ಪಾಲಿಯೆಸ್ಟರ್ ಬಟ್ಟೆ, ಪ್ಲಾಸ್ಟಿಕ್ ಹಾರ ಇರಬಾರದು, ಹತ್ತಿ ಬಟ್ಟೆ ಒಳ್ಳೆಯದು. ನಲವತ್ತಾರು ವರ್ಷ ಈ ಕೆಲಸ ಮಾಡಿದವನು ಹೇಳುತ್ತೇನೆ, ಕೆಲಸ ಚೊಕ್ಕವಾಗಿದೆ. ತಪ್ಪು ಹುಡುಕಲೆಂದೇ ಹೋಗಿದ್ದೆ, ಸಿಗಲಿಲ್ಲ.

ಆದರೆ ಅಲ್ಲಿ ನಾನು ಏನು ಮಾಡಲಿ ಅಕ್ಕ? ಹೊರಗೆ ಸಿಮೆಂಟಿನ ಬೆಂಚು ಇದೆ. ಮನೆಯವರು ಅಲ್ಲಿ ಕೂರುತ್ತಾರೆ. ನಾನೂ ಸ್ವಲ್ಪ ಹೊತ್ತು ಕೂತು ನೋಡಿದೆ. ಕೈ ಎಲ್ಲಿ ಇಟ್ಟುಕೊಳ್ಳಬೇಕು ಎಂದೇ ಗೊತ್ತಾಗಲಿಲ್ಲ, ಎದ್ದು ಬಂದೆ.

ಭಾವ ಹೋದ ದಿನದ ಮಾತು ಬರೆದಿದ್ದೀಯ. ನೀನು ಬಾಗಿಲ ಹತ್ತಿರ ಕೂತಿದ್ದನ್ನು ನಾನು ನೋಡಿದೆ. ನಿನ್ನ ಹಣೆಯಲ್ಲಿ ಕುಂಕುಮ ಇನ್ನೂ ಇತ್ತು. ನೋಡಿದ್ದಕ್ಕೇ ಹಿತ್ತಲಿಗೆ ಹೋದದ್ದು. ಹತ್ತಿರ ಬಂದಿದ್ದರೆ ನನ್ನಿಂದ ನಿಲ್ಲಲು ಆಗುತ್ತಿರಲಿಲ್ಲ, ಭಾವನಿಗೆ ಸೌದೆ ಯಾರು ಒಟ್ಟುತ್ತಿದ್ದರು? ಎಲ್ಲ ಮನೆಯಲ್ಲೂ ನಾನು ಮಾಡುವುದು ಅದೇ. ಅಳುವವರ ಕಡೆ ಬೆನ್ನು ಹಾಕಿ ಸೌದೆ ನೋಡುತ್ತೇನೆ. ಜನ ಅದನ್ನು ಧೈರ್ಯ ಎನ್ನುತ್ತಾರೆ. ಹಾರೆ ಹಿಡಿದಿಲ್ಲದಿದ್ದರೆ ನಾನು ಅಪ್ಪನ ದಿನ ಹೇಗಿದ್ದೆನೋ ಈಗಲೂ ಹಾಗೇ ಇದ್ದೇನೆ.

ನಾನು ಒಪ್ಪಿದೆ ಎಂದು ತಿಳಿಯಬೇಡ. ಯೋಚನೆ ಮಾಡುತ್ತೇನೆ.

ಇಂತಿ
ಸಣ್ಣಸ್ವಾಮಿ


ಪೊನ್ನಂಪೇಟೆ
9 ಜೂನ್ 2024

ಸಣ್ಣ,

ಅಕ್ಷರ ಸೊಟ್ಟಗಿದ್ದರೆ ಬೈಯಬೇಡ. ಕಾಲು ಊದಿದೆ, ಮಲಗಿದರೆ ಉಸಿರು ಕಟ್ಟುತ್ತದೆ, ದಿಂಬಿಗೆ ಒರಗಿ ಕೂತೇ ಇರುತ್ತೇನೆ. ಇದನ್ನು ಬರೆಯಲು ಮೂರು ದಿನ ಹಿಡಿಯಿತು.

ನಿನ್ನ ಕಾಗದವನ್ನು ಎಷ್ಟು ಸಲ ಓದಿದೆನೋ. ನೋಡಿದ್ದಕ್ಕೇ ಹೋದೆ ಎಂದು ಬರೆದೆಯಲ್ಲ, ಆ ಒಂದು ಮಾತಿಗೆ ನನ್ನ ಒಂಬತ್ತು ವರ್ಷದ ಸಿಟ್ಟು ಇಳಿದುಹೋಯಿತು. ಪೆದ್ದ ಕಣೋ ನೀನು. ನಾನೂ ಪೆದ್ದಿ. ಅವತ್ತೇ ಎದ್ದು ಹಿತ್ತಲಿಗೆ ಬಂದು ನಿನ್ನ ಕೈಯಿಂದ ಕೊಡಲಿ ಕಿತ್ತುಕೊಳ್ಳಬೇಕಿತ್ತು.

ಆದರೂ ನನ್ನ ಮಾತು ಬದಲಾಗುವುದಿಲ್ಲ. ಅಲ್ಲಿ ಏನು ಮಾಡಲಿ ಎಂದು ಕೇಳಿದೆ. ಏನೂ ಮಾಡಬೇಡ. ಆ ಬೆಂಚಿನ ಮೇಲೆ ಕೂರು. ಅಳು ಬಂದರೆ ಅಳು, ಬರದಿದ್ದರೆ ಸುಮ್ಮನೆ ಕೂತಿರು. ನಿಲ್ಲಲು ಆಗದಿದ್ದರೆ ಬೀಳು, ಸೌಮ್ಯ ಇದ್ದಾಳೆ, ಎತ್ತುತ್ತಾಳೆ. ನಾನು ಸತ್ತಾಗ ನನಗಾಗಿ ಒಡೆದು ಹೋಗುವವನು ಒಬ್ಬ ಬೇಕು ಸಣ್ಣ, ಕೆಲಸ ಮಾಡಲು ಮೈಸೂರಿನವರಿದ್ದಾರೆ. ಹುಟ್ಟಿದ ಎಂಟು ದಿನಕ್ಕೆ ನಿನ್ನನ್ನು ನನ್ನ ಮಡಿಲಿಗೆ ಹಾಕಿ ಅಮ್ಮ ಗದ್ದೆಗೆ ಹೋದಳು, ನನಗೂ ಎಂಟೇ ವರ್ಷ. ಅವತ್ತಿನಿಂದ ನೀನು ನನಗೆ ತಮ್ಮನಿಗಿಂತ ಹೆಚ್ಚು.

ಸೀರೆ ಹತ್ತಿಯದೇ ತಾ. ಬಣ್ಣ ನಿನ್ನ ಇಷ್ಟ, ಗಂಗಮ್ಮನನ್ನು ಕೇಳು. ನೀನೊಬ್ಬನೇ ಆರಿಸಿದರೆ ಮಣ್ಣಿನ ಬಣ್ಣದ್ದೇ ತರುತ್ತೀಯ. ಅಟ್ಟದ ಸೌದೆಯಲ್ಲಿ ಮಳೆಗಾಲವಿಡೀ ಬಿಸಿನೀರು ಕಾಯಿಸಿ ಮೈತುಂಬ ಸ್ನಾನ ಮಾಡು. ಅಕ್ಕನ ಸೌದೆ ದಂಡವಾಯಿತು ಎಂದು ಮರುಗಬೇಡ.

ನಿನ್ನ ಅಕ್ಕ


ಹೆಬ್ಬಾಲೆ
1 ಜುಲೈ 2024

ಅಕ್ಕನಿಗೆ,

ನಿನ್ನೆ ಕುಶಾಲನಗರಕ್ಕೆ ಹೋಗಿ ಸೀರೆ ತಂದೆವು. ಹತ್ತಿಯದು, ಗಿಳಿಹಸಿರು, ಕೆಂಪು ಅಂಚು. ಗಂಗಮ್ಮ ಆರಿಸಿದ್ದಲ್ಲ, ನಾನೇ ಆರಿಸಿದೆ. ಅಂಗಡಿಯವರು ಯಾರಿಗೆ ಎಂದು ಕೇಳಿದರು, ಅಕ್ಕನಿಗೆ ಎಂದೆ, ಹಬ್ಬಕ್ಕಾ ಎಂದರು. ತಲೆ ಆಡಿಸಿ ಬಂದೆ. ಮಳೆ ಹಿಡಿದಿದೆ. ಈ ಭಾನುವಾರ ಅಶ್ವಥ್‌ನ ಜೀಪಿನಲ್ಲಿ ನಿನ್ನನ್ನು ನೋಡಲು ಬರುತ್ತೇವೆ, ಸೀರೆ ತರುವುದಿಲ್ಲ.

ಸಣ್ಣಸ್ವಾಮಿ


ಹೆಬ್ಬಾಲೆ
28 ಆಗಸ್ಟ್ 2024

ಸೌಮ್ಯಳಿಗೆ ಮಾವನ ಆಶೀರ್ವಾದಗಳು.

ಅಕ್ಕನ ತಿಥಿಯ ದಿನ ನೀನು ಒಂದು ಮಾತು ಕೇಳಿದೆ. ಮೈಸೂರಿನಲ್ಲಿ ಅಮ್ಮನ ಬೂದಿ ತೆಗೆದುಕೊಂಡು ಹೊರಗೆ ಬಂದಾಗ ಬೆಂಚಿನ ಮೇಲೆ ನೀವು ಇರಲಿಲ್ಲ, ಎಲ್ಲಿ ಹೋಗಿದ್ದಿರಿ ಮಾವ, ಬೇಜಾರಾಗಿತ್ತಾ ಎಂದು. ಎಲೆ ಹಾಕುವ ಗದ್ದಲದಲ್ಲಿ ನನಗೆ ಉತ್ತರ ಕೊಡಲು ಆಗಲಿಲ್ಲ. ಈಗ ಬರೆಯುತ್ತೇನೆ.

ನಿನ್ನ ಹತ್ತಿರ ಮುಚ್ಚುವುದು ಏನಿದೆ, ಅವತ್ತು ಬೆಳಿಗ್ಗೆ ಅಕ್ಕ ಹೋದ ಸುದ್ದಿ ಬಂದ ಕೂಡಲೇ ನನ್ನ ಕೈ ತಾನಾಗಿಯೇ ಹಾರೆ ಎತ್ತಿ ಜೀಪಿಗೆ ಹಾಕಿತ್ತು. ಗೇಟು ದಾಟಿ ರಸ್ತೆಗೆ ಬಂದ ಮೇಲೆ ಅಶ್ವಥ್‌ಗೆ ನಿಲ್ಲಿಸು ಎಂದೆ. ಇಳಿದು ಹಾರೆಯನ್ನು ಬೇಲಿಗೆ ಒರಗಿಸಿ ಬಂದೆ. ಸೀರೆ ತೊಡೆಯ ಮೇಲೆ ಇಟ್ಟುಕೊಂಡೆ.

ಸೀರೆಯನ್ನು ಮೊದಲು ತಿರುಗಾಮುರುಗಾ ಹೊದಿಸಿ ಮತ್ತೆ ತೆಗೆದು ಹೊದಿಸಿದ್ದು ನೀನು ನೋಡಿದೆ. ಎಷ್ಟೋ ಜನರನ್ನು ಈ ಕೈಯಿಂದ ಎತ್ತಿ ಸೌದೆಯ ಮೇಲೆ ಮಲಗಿಸಿದ್ದೇನೆ, ಒಬ್ಬರಿಗೂ ಹೀಗೆ ತಪ್ಪಿರಲಿಲ್ಲ. ಮೈಸೂರಿನಲ್ಲಿ ತಟ್ಟೆ ಒಳಗೆ ಹೋಗುವ ಮೊದಲು, ತಲೆ ಒಂಚೂರು ಓರೆಯಾಗಿದೆ ಸರಿ ಮಾಡಿ ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವರೇ ನೋಡಿ ಮೆಲ್ಲಗೆ ಸರಿ ಮಾಡಿದರು. ಬಾಗಿಲು ಇಳಿಯಿತು. ನೀನೂ ಶಿವಪ್ರಕಾಶನೂ ಸಹಿ ಹಾಕಲು ಆಫೀಸಿಗೆ ಹೋದಿರಿ. ನಾನು ಹೋಗಿ ಬೆಂಚಿನ ಮೇಲೆ ಕೂತೆ.

ಮಳೆ ಸಣ್ಣಗೆ ಹನಿಯುತ್ತಿತ್ತು. ಗಂಟೆಗೂ ಮೇಲೆ ಹಾಗೇ ಕೂತಿದ್ದೆ. ಎದೆ ಕಲ್ಲಾಗಿತ್ತು ಕಣವ್ವ. ಅಕ್ಕ ಇಷ್ಟು ಕೇಳಿಕೊಂಡಳು, ಇದೊಂದೂ ನನ್ನಿಂದ ಆಗುವುದಿಲ್ಲವಲ್ಲ ಎಂದು ನಾಚಿಕೆಯಾಯಿತು. ಎದ್ದು ಎಲ್ಲಿಯಾದರೂ ಗುಡಿಸುವುದೋ ನೀರು ಹಾಕುವುದೋ ಇದೆಯಾ ಎಂದು ಸುತ್ತ ನೋಡಿದೆ. ಏನೂ ಇರಲಿಲ್ಲ.

ಆಗ ಬೆಂಚಿನ ಆ ತುದಿಗೆ ಒಬ್ಬರು ಬಂದು ಕೂತರು. ನನ್ನ ವಯಸ್ಸಿನವರೇ. ಅವರ ಹೆಂಡತಿಯ ಸರದಿ ನಮ್ಮದು ಆದ ಮೇಲೆ ಇತ್ತು. ಅವರು ಏನೋ ಕೇಳಿದರು. ನನಗೆ ಕೇಳಿಸಲಿಲ್ಲ, ಕಿವಿ ತೋರಿಸಿದೆ. ಹತ್ತಿರ ಜರುಗಿ ಬಂದು, ನನ್ನ ಭುಜದ ಮೇಲೆ ಕೈ ಇಟ್ಟು, ಕಿವಿಯ ಹತ್ತಿರ ಗಟ್ಟಿಯಾಗಿ ಇನ್ನೊಂದು ಸಲ ಕೇಳಿದರು. ‘ಒಳಗಿರೋರು ನಿಮಗೇನಾಗ್ಬೇಕು?’

ನಲವತ್ತಾರು ವರ್ಷ ಮಸಾಣದಲ್ಲಿ ನಿಂತಿದ್ದೇನೆ. ಸೌದೆ ಸಾಕಾ ಎಂದು ಕೇಳಿದ್ದಾರೆ, ಇನ್ನೆಷ್ಟು ಹೊತ್ತು ಎಂದು ಕೇಳಿದ್ದಾರೆ, ಬೆಂಕಿ ಇಡಬಹುದಾ ಎಂದು ಕೇಳಿದ್ದಾರೆ. ಅಮ್ಮನನ್ನು ಸುಡುವಾಗಲೂ ನನ್ನನ್ನು ಅದನ್ನೇ ಕೇಳಿದರು. ಈ ಮಾತನ್ನು ಅವತ್ತಿನವರೆಗೂ ಒಬ್ಬರೂ ಕೇಳಿರಲಿಲ್ಲ.

‘ಅಕ್ಕ’ ಎಂದೆ. ಎಂದವನಿಗೆ ನಿಲ್ಲಿಸಲು ಆಗಲಿಲ್ಲ. ಅಕ್ಕ, ಅಕ್ಕ ಎನ್ನುತ್ತಲೇ ಬೆಂಚಿನಿಂದ ನೆಲಕ್ಕೆ ಜಾರಿದೆ. ಅವರೂ ನನ್ನ ಜೊತೆಗೆ ನೆಲದ ಮೇಲೇ ಕೂತು ನನ್ನ ಎರಡೂ ಕೈ ಹಿಡಿದುಕೊಂಡರು. ನೀನು ಬಂದು ಬೆಂಚು ನೋಡಿದಾಗ ನಾವಿಬ್ಬರೂ ಅದರ ಆಚೆ ಬದಿ, ನಿನಗೆ ಕಾಣದ ಹಾಗೆ, ನೆಲದಲ್ಲಿದ್ದೆವು.

ನಿನ್ನ ಮಾವ
ಸಣ್ಣಸ್ವಾಮಿ